ಕಳೆದದ್ದು ತೋರಿಸು

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾವು ಮೂವರು
ಮಾತಾಡುವ ತಕ್ಕಡಿ ಮಾಡಿದೆವು.
'ಓದು ಬಾರದ ಕೂಲಿಗಳಿಗಾಗಿ' ಎಂದು
ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದೆವು.
ದನಿ ನನ್ನದು. ಚಿಕ್ಕಮಗಳೂರಿನ ಹಾಸ್ಟೆಲಿನಲ್ಲಿ
ಫ್ಯಾನು ನಿಲ್ಲಿಸಿ, ತಲೆತುಂಬ ಕಂಬಳಿ ಹೊದ್ದು
ಸೊನ್ನೆಯಿಂದ ನೂರರತನಕ ರೆಕಾರ್ಡು ಮಾಡಿದ್ದೆ,
ವಾರ್ತೆ ಓದುವವಳ ಹಾಗೆ
ಒಂದೊಂದು ಒತ್ತಕ್ಷರಕ್ಕೂ ನ್ಯಾಯ ಸಲ್ಲಿಸಿ.

ಜನವರಿ. ಮೂಡಿಗೆರೆಯಾಚೆ ಒಂದು ಎಸ್ಟೇಟು.
ಸಂಜೆ ನಾಲ್ಕೂವರೆಗೆ ಕಣದ ಅಂಚಿಗೆ
ಹಣ್ಣಿನ ಚೀಲ ಹೊತ್ತು ಒಬ್ಬೊಬ್ಬರೇ ಬಂದರು,
ಎಲ್ಲರೂ 'ಅಸ್ಸಾಮಿನವರು' ಎಂದು ಮುಗಿಸಿಬಿಡುವವರು.
ಆ ಅಸ್ಸಾಮಿಗೂ ಇವರ ಮುತ್ತಜ್ಜಂದಿರು ಬೇರೆಲ್ಲಿಂದಲೋ
ಚಹಾ ಕೀಳಲು ಹೋದವರಂತೆ.
ಅದು ನನಗೆ ಆಮೇಲೆ ತಿಳಿದದ್ದು.

ಮೊದಲ ಚೀಲ ಇಟ್ಟವಳು ಎತ್ವಾರಿ.
"ನಲವತ್ತು ಕಿಲೋ" ಅಂದಿತು ನನ್ನ ದನಿ.
ಯಾರೂ ಅಲುಗಲಿಲ್ಲ.
ಎತ್ವಾರಿ ನನ್ನತ್ತ ತಿರುಗಿ, "ದುಯ್ ಕುಡಿ?" ಅಂದಳು.
ಬಾಯಾರಿಕೆಯೇನೋ ಎಂದು ನೀರಿನ ಬಾಟಲಿ ಕೊಟ್ಟೆ.
ಕುಡಿದಳು. ಬಾಯೊರೆಸಿಕೊಂಡು ಮತ್ತೆ, "ದುಯ್ ಕುಡಿ?"
ಸಾಲಿಗೆ ಸಾಲೇ ನಕ್ಕಿತು.
ಅವರ ಲೆಕ್ಕದಲ್ಲಿ ಕುಡಿಯೆಂದರೆ ಇಪ್ಪತ್ತು:
ಕೈಯ ಬೆರಳು ಕಾಲ ಬೆರಳು ಎಲ್ಲ ಸೇರಿ
ಒಬ್ಬ ಇಡೀ ಮನುಷ್ಯ.
ನಾನು ಮನುಷ್ಯರನ್ನು ಹತ್ತಕ್ಕೇ ಮುರಿದುಕೊಂಡು ಕೂತಿದ್ದೆ.

ಲೈನಿನ ಜಗಲಿಯಲ್ಲಿ ಅವಳ ದನಿಯನ್ನೇ ಹಿಡಿದೆವು.
ಹನ್ನೊಂದರ ಹಿಂದೆ ಒಂದು ಕೋಳಿ ಕೂಗಿದೆ,
ಎಷ್ಟು ಕತ್ತರಿಸಿದರೂ ಹೋಗಲಿಲ್ಲ.

ಎರಡನೇ ಸಲ ತಕ್ಕಡಿ ಅವಳ ದನಿಯಲ್ಲೇ ಅಂದಿತು:
ಎರಡು ಕುಡಿ, ಮೇಲೆ ಮೂರು.
ಹೊಗಳಿಕೆಗೆ ಕಾದು ನಿಂತೆ, ಸುಳ್ಳೇಕೆ.
ಅವಳು ಸುತ್ತು ಹಾಕಿ
ರೈಟರ್ ಕೂತ ಕಡೆ ಹೋಗಿ ನಿಂತಳು.
ಪರದೆ ಇದ್ದದ್ದು ಅವರತ್ತ ಮುಖ ಮಾಡಿ.
ಹಾಗಿಡಲು ಯಾರೂ ಹೇಳಿರಲಿಲ್ಲ, ನಾನೇ ಇಟ್ಟದ್ದು.
"ನಾ ಹೊತ್ತಿದ್ದು ಇದಲ್ಲ. ಜಾಸ್ತಿ.
ಕಳೆದದ್ದು ತೋರ್ಸು" ಅಂದಳು, ಕಲಿತಷ್ಟು ಕನ್ನಡದಲ್ಲಿ.

ಚೀಲಕ್ಕೊಂದು ಕಿಲೋ, ಎಲೆ ಕಡ್ಡಿಗೆ ಅರ್ಧ,
ಇಬ್ಬನಿಯ ತೇವಕ್ಕೆ ಇನ್ನರ್ಧ.
ರೈಟರ್ ಹೇಳಿದ್ದರು, ನಾನು ಬರೆದಿದ್ದೆ,
ಪ್ರೋಗ್ರಾಮಿನ ಹೊಟ್ಟೆಯಲ್ಲಿ ಒಂದೇ ಒಂದು ಸಾಲು,
ಯಾರ ಕಣ್ಣಿಗೂ ಬೀಳದಂತೆ, ಅಚ್ಚುಕಟ್ಟಾಗಿ.

ಮಾತು ಮರೆಸಲು ಕೇಳಿದೆ: ನಿನ್ನ ಹೆಸರಿಗೆ ಏನರ್ಥ?
"ಎತವಾರ ಹುಟ್ಟಿದೆ. ವಾರದಲ್ಲಿ ಒಂದು ದಿನ ನಮ್ದು.
ಆ ದಿನ."

ಎತವಾರ. ಐತಾರ.

ನನ್ನ ಹೆಸರಿಗೆ ಅಂಟಿಕೊಂಡು ಒಂದು 'ಎ' ಇದೆ.
ಕಾಲೇಜಿನಲ್ಲಿ ಕೇಳಿದವರಿಗೆಲ್ಲ ಅನಂತ ಅಂದಿದ್ದೆ.
ಅಪ್ಪ ಐತಪ್ಪ.
ಚಾರ್ಮಾಡಿ ಹತ್ತಿ ಬಂದ ಅಜ್ಜಿ
ಕೊಟ್ಟಿಗೆಹಾರದ ಲೈನಿನಲ್ಲಿ ಒಂದು ಐತಾರ ಹೆತ್ತವನು.
ಹೆಸರು ಹುಡುಕಲು ಪುರುಸೊತ್ತಿರಲಿಲ್ಲ ಪಾಪ,
ಎಂದೇ ಇಷ್ಟು ವರ್ಷ ತಿಳಿದಿದ್ದೆ.

ಪರದೆ ತಿರುಗಿಸಿದೆವು. ಈಗ ಅದರಲ್ಲಿ ಮೂರು ಸಾಲು:
ಹೊತ್ತದ್ದು, ಕಳೆದದ್ದು, ಉಳಿದದ್ದು.
ಗೈಡು ಅಂದರು, ಇಷ್ಟೊಂದು ಮಾಹಿತಿ ಬಳಸುವವರಿಗೆ ಗೊಂದಲ.
ರೈಟರ್ ಮೂರು ದಿನ ಮಾತು ಬಿಟ್ಟರು.
ಆ ತಕ್ಕಡಿ ಈಗ ಗೋಡೌನಿನ ಮೂಲೆಯಲ್ಲಿ
ಗೋಣಿ ಹೊದ್ದು ಕೂತಿರಲೂಬಹುದು, ಗೊತ್ತಿಲ್ಲ.

ವರದಿ ಟೈಪು ಮಾಡಿದ ಡಿಟಿಪಿ ಅಂಗಡಿಯ ಹುಡುಗ
ಅಯ್ಯಪ್ಪ ಎಂದು ಹೊಡೆದಿದ್ದ.
"ನೀವು ತಪ್ಪು ಬರೆದಿದ್ರಿ ಮೇಡಂ, ಸರಿ ಮಾಡಿದೀನಿ."
ಪಕ್ಕದಲ್ಲೇ ನಿಂತು ಅಳಿಸಿಸಿದೆ.
ಐ. ಆಮೇಲೆ ತ. ಆಮೇಲೆ ಪ, ಅದಕ್ಕೆ ಪ ಒತ್ತು.
ಮೊದಲ ಪುಟದ ದಪ್ಪಕ್ಷರದ ಸಾಲನ್ನೂ ತೆಗೆಸಿದೆ,
ಬದಲಿಗೇನು ಹಾಕುವುದೆಂದು ಹೊಳೆಯದೆ ಖಾಲಿ ಬಿಟ್ಟೆ.
"ಹೀಗೂ ಹೆಸರಿರುತ್ತಾ?" ಅಂದ.
ಭಾನುವಾರ ಹುಟ್ಟಿದರೆ ಇರುತ್ತೆ, ಅಂದೆ.
ಪುಟಕ್ಕೆ ಹದಿನೈದು ರೂಪಾಯಿ ಹಿಡಿದ,
ಬೈಂಡಿಂಗು ಬೇರೆ.